ಸತ್ತ ಮೇಲೆ ಹಾಡಿದ ಚರಣ

"ನಿಲ್ಲಿಸಿ ಪೀ ದಾರ್ಕಿಮಿ! ದಮ್ಮಯ್ಯ, ನಿಲ್ಲಿಸಿ. ಅವನ ದನಿ ಇನ್ನೊಂದ್ಸಲ ಕೇಳೋಕೆ ನನ್ನ ಕೈಲಾಗಲ್ಲ."

ಛುವಾನಾ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದ. ಗಿಟಾರು ಹಿಡಿದರೆ ಇಡೀ ಐಜ್ವಾಲನ್ನು ಕುಣಿಸುತ್ತೇನೆ ಎಂದು ಕೊಚ್ಚಿಕೊಳ್ಳುತ್ತಿದ್ದ ಹುಡುಗ ಈಗ ನೆನೆದ ಬೆಕ್ಕಿನಂತೆ ಮುದುಡಿದ್ದ.

ಅಮ್ಮ, ಅಕ್ಕ ಎನ್ನುವ ಹಾಗೆ ಕಿರಿಯರೆಲ್ಲ 'ಪೀ' ಎಂದು ಕರೆಯುವ ಸಬ್ ಇನ್ಸ್‌ಪೆಕ್ಟರ್ ದಾರ್ಕಿಮಿ ರೆಕಾರ್ಡಿಂಗ್ ಯಂತ್ರದ ಗುಂಡಿ ಒತ್ತಿದಳು. ಕ್ಯಾಸೆಟ್ ನಿಂತಿತು. ಆದರೂ ಕೊನೆಗೆ ಕೇಳಿದ ಆ ಎರಡು ಸಾಲು ಕೋಣೆ ಬಿಟ್ಟು ಹೋಗಲಿಲ್ಲ.

ದೀಪ ಆರಿಸಿ ಇಳಿದ ಗಾಡಿ ಹೊಳೆಯ ದಂಡೆಗೆ ಬಂತು,
ನನ್ನ ಕೋಟು ತೊಟ್ಟವನು ನನ್ನ ಹಾಗೇ ಮಲಗಿದ.

ಹಾಡಿದವನು ರುವಾತಾ. ಶನಿವಾರ ಕಾಣೆಯಾದವನು. ಬುಧವಾರ ತ್ಲಾಂಗ್ ಹೊಳೆಯ ಬಂಡೆಗಳ ನಡುವೆ ಸಿಕ್ಕ ಹೆಣಕ್ಕೆ ಮುಖವೇ ಉಳಿದಿರಲಿಲ್ಲ. ಮೈಮೇಲಿನ ಚರ್ಮದ ಕೋಟು ಅವನದೆಂದು ಗುರುತಿಸಿ ಗುರುವಾರ ಮಣ್ಣು ಮಾಡಿದ್ದರು. ಠಾಣೆಯವರು 'ತಾನೇ ಹಾರಿಕೊಂಡ' ಎಂದು ಬರೆದು ಕೈ ತೊಳೆದುಕೊಂಡಿದ್ದರು. ಅದೇ ಠಾಣೆಯ ದಾರ್ಕಿಮಿ ಮಾತ್ರ ರಜೆ ಹಾಕಿ, ಖಾಕಿ ಬಿಚ್ಚಿಟ್ಟು, ಈ ಕೋಣೆಗೆ ಬಂದು ಕೂತಿದ್ದಳು.

ಕೋಣೆಯೆಂದರೆ ಛುವಾನಾನ ಮನೆಯ ತೀರಾ ಕೆಳಗಿನ ಅಂತಸ್ತು. ರಸ್ತೆಯಿಂದ ಇಳಿಯುತ್ತಾ ಇಳಿಯುತ್ತಾ ಬೆಟ್ಟದ ಹೊಟ್ಟೆಗೆ ಅಂಟಿಕೊಂಡ ಗೂಡು. ಗೋಡೆ ತುಂಬ ಮೊಟ್ಟೆಯ ರಟ್ಟು, ಕಿಟಕಿಗೆ ಅಜ್ಜಿಯ ಕಂಬಳಿ. ಇಷ್ಟು ಮಾಡಿ ಮೂವರು ಹುಡುಗರು ಇದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟಿದ್ದರು. ಕಂಬಳಿ ಸರಿಸಿದರೆ ಮೇಲೆ, ಕೈಗೆಟಕುವಷ್ಟು ಹತ್ತಿರದಲ್ಲಿ, ರುವಾತಾನ ಮನೆಯ ಹಿಂಬದಿ.

"ಈ ಚರಣ ಯಾವಾಗ ಹಾಡಿದ್ದು?" ದಾರ್ಕಿಮಿ ಕೇಳಿದಳು.

"ಹಾಡೇ ಇಲ್ಲ ಪೀ! ಬೆಳಗಿಂದ ಅದನ್ನೇ ಬಡ್ಕೋತಿದೀನಿ."

"ಹಾಡದೇ ಇದ್ದದ್ದು ಕ್ಯಾಸೆಟ್ಟಿಗೆ ಹೆಂಗೆ ಹತ್ತಿತು?"

"ಅದು ಗೊತ್ತಿದ್ರೆ ನಾನ್ಯಾಕೆ ಹೀಗಿರ್ತಿದ್ದೆ?" ಛುವಾನಾ ಈ ಕಡೆ ತಿರುಗಿದ. ಕಣ್ಣು ಕೆಂಡದಂತಿತ್ತು. "ಕಲ್ಕತ್ತೆಯ ಸ್ಪರ್ಧೆಗೆ ಹಾಡು ಕಳಿಸ್ಬೇಕಿತ್ತು. ಈ ಯಂತ್ರ ನಮ್ಮದಲ್ಲ, ಚರ್ಚಿನ ಕಾಯರಿನದು, ಹಾಡೋ ತಂಡದ್ದು. ಕ್ರಿಸ್‌ಮಸ್ ಹಾಡು ಮಾಡ್ತೀವಿ ಅಂತ ಸುಳ್ಳು ಹೇಳಿ ಇಸ್ಕೊಂಡು ಬಂದ್ವಿ. ವಾಪಸ್ ಕೊಡೋ ಹೊತ್ತಾಗ್ತಿತ್ತು. ಕರೆಂಟು ಬೇರೆ ಹೋಗೋದು ಬರೋದು. ಎಲ್ಲಾ ಗಡಿಬಿಡಿ. ಶನಿವಾರ ರುವಾತಾ ಒಂದೇ ಚರಣ ಬರ್ಕೊಂಡು ಬಂದಿದ್ದ. ಎರಡನೇದಕ್ಕೆ ಬರೀ ಲಲಲಾ ಅಂತ ಗುನುಗಿದ. ಪದ ಆಮೇಲೆ ಹಾಕ್ತೀನಿ ಬಿಡೋ ಅಂದ."

"ಆಮೇಲೆ?"

"ಆಮೇಲೆ ಅನ್ನೋದೇ ಬರ್ಲಿಲ್ಲ. ಮಣ್ಣು ಮಾಡಿ ಎರಡು ದಿನ ಆದ್ಮೇಲೆ ನಾನೂ ಟೆತೆಯಾನೂ ಕೂತು ಕೇಳಿದ್ವಿ. ಗುನುಗು ಇದ್ದ ಜಾಗದಲ್ಲಿ ಪದ ಇತ್ತು. ಅವನದೇ ದನಿ. ಟೆತೆಯಾ ಡ್ರಮ್ಮಿನ ಕಡ್ಡಿ ಎಸೆದು ಹೋದವನು ಲುಂಗ್‌ಲೇಯಲ್ಲಿ ಅತ್ತೆ ಮನೇಲಿದಾನೆ. ಕರೆದ್ರೂ ಬರಲ್ಲ."

ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಹೆಂಗಸು ದಾರ್ಕಿಮಿ, ದೆವ್ವ ಭೂತ ಎಂದರೆ ನಗುವವಳು. ಆದರೂ ಆ ಸಾಲುಗಳನ್ನು ಮೊದಲ ಸಲ ಕೇಳಿದಾಗ ಅವಳ ತೋಳಿನ ರೋಮ ನಿಮಿರಿದ್ದು ಸುಳ್ಳಲ್ಲ. ಹೊಳೆಯಲ್ಲಿ ಬಿದ್ದಿದ್ದ ತನ್ನ ಹೆಣವನ್ನು ತಾನೇ ದಂಡೆಯ ಮೇಲೆ ನಿಂತು ನೋಡಿ ಹಾಡಿದ ಹಾಗಿತ್ತು ಅದು.

ಬೆಳಿಗ್ಗೆ ರುವಾತಾನ ತಾಯಿ ಪೀ ಥನ್‌ಜಾಮಿ ಅವಳ ಕೈ ಹಿಡಿದುಕೊಂಡು ಹೇಳಿದ್ದು ಒಂದೇ ಮಾತು. "ನನ್ನ ಮಗ ತಾನಾಗಿ ಹಾರ್ಕೊಳ್ಳಲಿಲ್ಲ ಅಂತ ಒಂದು ಮಾತು ತಂದ್ಕೊಡು ಕಿಮಿ. ಬೇರೇನೂ ಬೇಡ ನಂಗೆ. ಜನ ನನ್ನ ಮುಖ ನೋಡೋ ರೀತಿ ನೋಡಿದೀಯಾ?"

ದಾರ್ಕಿಮಿ ನೋಡಿದ್ದಳು. ಹೆತ್ತವಳಲ್ಲೇ ಏನೋ ಕೊರತೆಯಿತ್ತು ಎನ್ನುವಂಥ ನೋಟ ಅದು.

ಆಮೇಲೆ ಮುದುಕಿ ಅಡುಗೆ ಒಲೆಯ ಪಕ್ಕ ಮುಚ್ಚಿಟ್ಟ ತಟ್ಟೆಯನ್ನೂ ತೋರಿಸಿದ್ದಳು. ಅನ್ನ, ಹೊಗೆಗೆ ಹಾಕಿದ ಹಂದಿಮಾಂಸ, ಬೇಯಿಸಿದ ಸೊಪ್ಪು. ಹಳೆಯ ಕಾಲದವರ ಹಾಗೆ ಸತ್ತವನ ಪಾಲು ಎತ್ತಿಡುತ್ತಿದ್ದಳು, ಆತ್ಮ ಮೂರು ತಿಂಗಳು ಮನೆ ಬಿಟ್ಟು ಹೋಗುವುದಿಲ್ಲವಂತೆ. ಚರ್ಚಿನವರು ಕೇಳಿದರೆ ಬೈದಾರು ಎಂದು ಪಿಸುಗುಟ್ಟಿ, "ತಿಂತಾನೆ ಕಣೇ ಕಿಮಿ, ದುಃಖದ ಮನೆ ಅಂತ ದಿನಾ ರಾತ್ರಿ ಬಂದು ಹಾಡೋ ಹುಡುಗ್ರು ಎದ್ದು ಹೋದ್ಮೇಲೆ ಬರ್ತಾನೆ, ಬೆಳಿಗ್ಗೆ ತಟ್ಟೆ ಖಾಲಿ" ಎಂದಿದ್ದಳು. ದಾರ್ಕಿಮಿ ಒಲೆಯ ಬಳಿ ಮಲಗಿದ್ದ ದಪ್ಪ ಬೆಕ್ಕನ್ನು ನೋಡಿ ಬಾಯಿ ಮುಚ್ಚಿಕೊಂಡಿದ್ದಳು.

"ಯಂತ್ರ ಯಾವಾಗ ಹೋಗುತ್ತೆ?" ಎಂದು ಈಗ ಕೇಳಿದಳು.

"ಇವತ್ತೇ ಸಂಜೆ. ಉಪಾ ಬಿಯಾಕ್‌ಲಿಯಾನಾ ಬಂದು ತಗೊಂಡು ಹೋಗ್ತಾರಂತೆ. ಇದು ಹೋದ್ರೆ ಈ ಕ್ಯಾಸೆಟ್ಟನ್ನ ಬಿಡಿಬಿಡಿಯಾಗಿ ಕೇಳೋಕೆ ಊರಲ್ಲಿ ಇನ್ನೊಂದು ಯಂತ್ರ ಇಲ್ಲ."

ಉಪಾ ಎಂದರೆ ಚರ್ಚಿನ ಹಿರಿಯರು. ಬಿಯಾಕ್‌ಲಿಯಾನಾ ಕಾಯರಿನ ಕಪಾಟಿನ ಬೀಗದ ಕೈ ಸೊಂಟದಲ್ಲಿಟ್ಟುಕೊಂಡು ತಿರುಗುವವರು. ವಾರದ ಉಳಿದ ದಿನ ಹೊಳೆಯ ಮರಳು ಹೊಡೆಯುವ ಲಾರಿಗಳ ಯಜಮಾನರು.

"ಬಿಡಿಬಿಡಿಯಾಗಿ ಅಂದ್ರೆ?"

ಛುವಾನಾ ಮೂಗೊರೆಸಿಕೊಂಡು ಯಂತ್ರದ ಹತ್ತಿರ ಬಂದ. ಗೊತ್ತಿರುವ ವಿಷಯ ಮಾತಾಡುವಾಗ ಹುಡುಗನಿಗೆ ಸ್ವಲ್ಪ ಜೀವ ಬಂತು. "ಇದ್ರಲ್ಲಿ ನಾಲ್ಕು ಟ್ರ್ಯಾಕು ಪೀ. ನಾಲ್ಕು ಬೇರೆ ಬೇರೆ ಓಣಿ ಇದ್ದ ಹಾಗೆ. ಮೊದಲನೇದ್ರಲ್ಲಿ ಡ್ರಮ್ಮು, ಬೇಸು. ಎರಡನೇದ್ರಲ್ಲಿ ನನ್ನ ಗಿಟಾರು. ಮೂರನೇದ್ರಲ್ಲಿ ಅವನ ದನಿ. ಯಾವುದು ಬೇಕೋ ಅದನ್ನ ಮಾತ್ರ ಕೇಳ್ಬಹುದು, ಉಳಿದದ್ದು ಮುಚ್ಚಿಡ್ಬಹುದು."

"ನಾಲ್ಕನೇದು?"

"ಖಾಲಿ ಇತ್ತು." ಹುಡುಗ ತಲೆ ಬಗ್ಗಿಸಿದ. "ಗುರುವಾರ ಸಂಜೆ ತುಂಬಿಸಿದೆ. ಅವನನ್ನ ಮಣ್ಣು ಮಾಡಿ ಬಂದ ಸಂಜೆ. ದುಃಖದ ಮನೇಲಿ ಎಲ್ಲಾ ಕೂತು ಹಾಡ್ತಿದ್ರು. ನಂಗೆ ಅಲ್ಲಿ ಕೂರೋಕಾಗ್ಲಿಲ್ಲ. ಇಳಿದು ಬಂದು ಗಿಟಾರು ತಗೊಂಡೆ. ಹಾಡಿನ ಶುರುವಿಂದ ಕೊನೇವರೆಗೂ ಅಳ್ತಾ ಬಾರಿಸಿದೆ. ಅಷ್ಟೇ."

"ಅವನು ಹೆಂಗೆ ಹಾಡ್ತಿದ್ದ? ನೀವೆಲ್ಲ ಬಾರಿಸ್ತಾ ಇದ್ದಾಗಲೇನಾ?"

"ಇಲ್ಲ. ನಾವು ಮೊದಲೇ ಬಾರಿಸಿ ಹಾಕಿರ್ತೀವಿ. ಅವನು ಹೆಡ್‌ಫೋನ್ ಹಾಕ್ಕೊಂಡು ಅದನ್ನ ಕಿವಿಯಲ್ಲಿ ಕೇಳ್ತಾ ಒಬ್ಬನೇ ಹಾಡ್ಬೇಕು. ಹೊರಗಿದ್ದವರಿಗೆ ಅವನ ದನಿ ಮಾತ್ರ ಕೇಳುತ್ತೆ."

ದಾರ್ಕಿಮಿ ಹೆಡ್‌ಫೋನನ್ನು ಕೈಗೆತ್ತಿಕೊಂಡಳು. ಎಡಗಡೆಯ ಸ್ಪಂಜು ಪೂರ್ತಿ ಕಿತ್ತು ಹೋಗಿತ್ತು, ಬಲಗಡೆಯದನ್ನು ಅಂಟುಪಟ್ಟಿ ಹಾಕಿ ಮೆತ್ತಿದ್ದರು. "ಇದು ಸೋರಲ್ವೇನೋ?"

"ಸೋರುತ್ತೆ. ಕಿವಿಗೆ ಹಾಕಿದ ಗಿಟಾರು ಮೈಕಿಗೂ ಒಂಚೂರು ಕೇಳ್ಬಿಡುತ್ತೆ. ದುಡ್ಡಿದ್ದೋರು ಹೊಸದು ತಗೋತಾರೆ."

ದಾರ್ಕಿಮಿ ಹೆಡ್‌ಫೋನ್ ಕೆಳಗಿಟ್ಟಳು. "ಮೂರನೇದನ್ನ ಮಾತ್ರ ಹಾಕು. ಮಿಕ್ಕಿದ್ದೆಲ್ಲ ಮುಚ್ಚು."

"ಯಾಕೆ ಪೀ? ಹಾಡಿನ ವಿಷಯ ನಿಮಗೆ... ಬೇಜಾರು ಮಾಡ್ಕೋಬೇಡಿ, ಕಾಯರಿನಿಂದ ನಿಮ್ಮನ್ನ ಹಾಡೋದು ಬೇಡ, ಪುಸ್ತಕ ಹಂಚಿ ಸಾಕು ಅಂದಿದ್ರಂತೆ."

"ಅಂದಿದ್ರು. ನಾನು ಬಾಯಿ ಬಿಟ್ರೆ ಕೊಟ್ಟಿಗೆಯ ಹಂದಿ ಎದ್ದು ನಿಲ್ಲುತ್ತೆ ಅಂತ ನಮ್ಮಮ್ಮನೇ ಹೇಳೋಳು. ಗಂಟಲು ಕೆಟ್ಟದು ಕಣೋ, ಕಿವಿ ಕೆಟ್ಟದ್ದಲ್ಲ. ಹಾಕು."

ಬೇರೆಲ್ಲ ಮುಚ್ಚಿದ ಮೇಲೆ ಸತ್ತವನ ದನಿ ಬತ್ತಲೆಯಾಗಿ ಕೋಣೆಗೆ ಬಂತು. ಮೊದಲ ಚರಣ. ಸಾಲು ಮುಗಿದು ಅವನು ಉಸಿರು ತೆಗೆದುಕೊಳ್ಳುವ ಕಡೆ ದಾರ್ಕಿಮಿ ದನಿ ಹೆಚ್ಚಿಸಿದಳು. ಉಸಿರಿನ ಹಿಂದೆ, ಬಾಗಿಲಾಚೆ ಇಲಿ ಓಡಾಡಿದಷ್ಟು ಸಣ್ಣಗೆ, ಟಿಕ್ ಟಿಕ್ ಎಂದು ಡ್ರಮ್ಮು. ತಂತಿ ಕೆರೆದ ಹಾಗೆ ಗಿಟಾರು. ಹೆಡ್‌ಫೋನಿನಿಂದ ಸೋರಿದ್ದು. ಅದಕ್ಕಿಂತ ಹೆಚ್ಚಿಗೆ ಏನೂ ಇಲ್ಲ.

ಎರಡನೇ ಚರಣ ಬಂತು. ದೀಪ ಆರಿಸಿ ಇಳಿದ ಗಾಡಿ...

ಉಸಿರು. ದಾರ್ಕಿಮಿ ಮತ್ತೆ ದನಿ ಹೆಚ್ಚಿಸಿದಳು.

ಟಿಕ್ ಟಿಕ್ ಡ್ರಮ್ಮು. ತಂತಿ ಕೆರೆತ. ಅದರ ಮೇಲೆ ಇನ್ನೊಂದು ಗಿಟಾರು, ಎಳೆದು ಎಳೆದು ಅಳುವಂಥದು.

ಛುವಾನಾನ ಮುಖದ ಬಣ್ಣ ಇಳಿಯಿತು.

"ಇದ್ಯಾವುದು ಈ ಅಳೋ ಗಿಟಾರು?" ದಾರ್ಕಿಮಿಯ ದನಿ ಮೆತ್ತಗಿತ್ತು. ಅವಳನ್ನು ಬಲ್ಲ ಕಳ್ಳಕಾಕರೆಲ್ಲ ಹೆದರುವುದು ಆ ಮೆತ್ತನೆಗೇ.

"ಅದು... ಅದು ನಾಲ್ಕನೇದು. ನಂದು."

"ಮೊದಲನೇ ಚರಣದ ಹಿಂದೆ ಇಲ್ಲ. ಎರಡನೇದರ ಹಿಂದೆ ಇದೆ. ಅಂದ್ರೆ ಎರಡನೇ ಚರಣ ಹಾಡೋವಾಗ ಈ ಗಿಟಾರು ಅವನ ಕಿವಿಯಲ್ಲಿ ಕೇಳ್ತಿತ್ತು. ಮೊದಲೇ ಬಾರಿಸಿ ಹಾಕಿದ್ದು ತಾನೇ ಕಿವಿಗೆ ಕೇಳೋದು?"

"ಹೌದು, ಆದ್ರೆ..."

"ಏನೋ ಆದ್ರೆ? ಗುರುವಾರ ಬಾರಿಸ್ದೆ ಅಂತೀಯ. ಗುರುವಾರ ಅವನು ಮಣ್ಣಲ್ಲಿದ್ದ. ಮಣ್ಣಲ್ಲಿದ್ದವನಿಗೆ ಹೆಡ್‌ಫೋನ್ ಹಾಕಿದ್ಯಾ? ಶನಿವಾರ ಸಂಜೆ ನೀನೂ ಅವನೂ ಇಲ್ಲೇ ಇದ್ರಿ. ನೀನು ಬಾರಿಸಿದೆ, ಅವನು ಹಾಡಿದ. ಹಾಡಲ್ಲಿ ಏನೋ ಕಂಡಿದ್ದನ್ನ ಹೇಳಿದ. ಆಮೇಲೆ ಇಬ್ರೂ ಎದ್ದು ಹೋದ್ರಿ, ನೀನೊಬ್ಬ ವಾಪಸ್ ಬಂದೆ. ಎಲ್ಲಿ ಬಿಟ್ಟು ಬಂದೆ ಅವನನ್ನ?"

"ಪೀ!" ಛುವಾನಾ ಎದ್ದು ನಿಂತ. ಗಿಟಾರು ಧೊಪ್ಪನೆ ನೆಲಕ್ಕೆ ಬಿತ್ತು. "ಅವನು ನನ್ನ ತಮ್ಮ ಇದ್ದ ಹಾಗೆ. ನಾವಿಬ್ರೂ ಒಂದೇ ತಟ್ಟೇಲಿ ಉಂಡವ್ರು!"

"ಶನಿವಾರ ಅವನ ಮೇಲೆ ಹೆಡ್‌ಫೋನ್ ಎಸೆದವನೂ ನೀನೇ. ಟೆತೆಯಾ ಫೋನಲ್ಲಿ ಹೇಳಿದಾನೆ."

"ಎಸೆದೆ! ಪದ ಬರೀದೆ ಬಂದ ಅಂತ ಎಸೆದೆ. ಅವನೊಂದು ಥರ ಇದ್ದ ಅವತ್ತು. ರಸ್ತೆ ಮೇಲೆ ಲಾರಿ ಸದ್ದಾದ್ರೆ ಕಿಟಕಿ ಕಡೆ ನೋಡೋನು. ನಾನು ಕೇಳ್ಲಿಲ್ಲ ಪೀ. ಏನಾಗಿದೆಯೋ ಅಂತ ಒಂದು ಮಾತು ಕೇಳಿದ್ರೆ ಏನು ಗಂಟು ಹೋಗ್ತಿತ್ತು ನಂದು? ಬೈದು ಕಳಿಸ್ದೆ." ಬಿದ್ದ ಗಿಟಾರನ್ನು ಎತ್ತಿ ಗೋಡೆಗೆ ಒರಗಿಸಿದ. "ಆದ್ರೆ ಗಿಟಾರು ಬಾರಿಸಿದ್ದು ಗುರುವಾರವೇ. ನಂಬಲ್ವಾ? ನಾಲ್ಕನೇದನ್ನ ಮಾತ್ರ ಹಾಕಿ. ನಾನು ಆಂಪ್ಲಿಫೈಯರ್ ಮುಂದೆ ಮೈಕಿಟ್ಟು ಬಾರಿಸ್ದೆ. ನಿಂತ ಕಡೆ ಹಿಂದೇನು ಕೇಳುತ್ತೆ ಅಂತ ಕೇಳಿ. ನಿಮ್ಮ ಕಿವಿ ಚೆನ್ನಾಗಿದೆಯಲ್ಲ!"

ಅವನೇ ಮುಂದೆ ಬಂದು ಮೂರನೆಯದನ್ನು ಮುಚ್ಚಿ ನಾಲ್ಕನೆಯದನ್ನು ತೆರೆದ.

ಗಿಟಾರು ಅತ್ತಿತು, ನಿಂತಿತು, ಮತ್ತೆ ಅತ್ತಿತು. ನಿಂತ ಕಡೆಯಲ್ಲಿ, ಕಂಬಳಿಯನ್ನೂ ಮೊಟ್ಟೆಯ ರಟ್ಟನ್ನೂ ದಾಟಿಕೊಂಡು, ಡೋಲಿನ ಪೆಟ್ಟು ಕೇಳಿಸಿತು. ನಿಧಾನದ, ಭಾರದ ಪೆಟ್ಟು. ಅದರ ಜೊತೆ ತುಂಬಾ ಜನ ಒಟ್ಟಿಗೆ ಹಾಡುವ ದನಿ. ಕೇರಿಯ ಹುಡುಗ ಹುಡುಗಿಯರು ದುಃಖದ ಮನೆಯಲ್ಲಿ ಕೂತು ಹಾಡುವ ಹಾಡು. ಹಾಡಿನ ನಡುವೆ ಒಬ್ಬ ಹೆಂಗಸು ಕಿರುಚಿದಳು. "ರುವಾತಾ! ಏಳೋ ಮಗನೇ!"

ಪೀ ಥನ್‌ಜಾಮಿಯ ದನಿ. ಗುರುವಾರ ಆ ಕೂಗು ಕೇಳಿದಾಗ ದಾರ್ಕಿಮಿ ಅವಳ ಪಕ್ಕದಲ್ಲೇ ಇದ್ದಳು, ಅವಳ ಭುಜ ಹಿಡಿದುಕೊಂಡು.

ಇದನ್ನು ಯಾರಿಗೂ ಮೊದಲೇ ಮಾಡಿಡಲು ಸಾಧ್ಯವಿರಲಿಲ್ಲ. ಹುಡುಗ ನಿಜ ಹೇಳಿದ್ದ.

"ಆಗ ಉಪಾನೂ ಇಳಿದು ಬಂದಿದ್ರು," ಎಂದ ಛುವಾನಾ. "ದುಃಖದ ಮನೆ ಪಕ್ಕ ಇದೇನು ಗಲಾಟೆ ಅಂತ ಉಗಿದು ಹೋದ್ರು. ಅವ್ರನ್ನೇ ಕೇಳಿ."

"ಹೌದು, ನಾನೇ ಉಗಿದೆ."

ಇಬ್ಬರೂ ತಿರುಗಿದರು. ಬಾಗಿಲಲ್ಲಿ ಉಪಾ ಬಿಯಾಕ್‌ಲಿಯಾನಾ ನಿಂತಿದ್ದರು. ಇಸ್ತ್ರಿ ಮಾಡಿದ ಕೋಟು, ಕೈಯಲ್ಲಿ ಬೀಗದ ಕೈಗೊಂಚಲು, ಬಾಯಲ್ಲಿ ಅಡಿಕೆ. "ಗುರುವಾರ ಸಂಜೆ. ಹುಡುಗನ ಮಾತು ನಿಜ ದಾರ್ಕಿಮಿ. ಪಾಪ, ಅವನನ್ನ ಯಾಕೆ ಅಳಿಸ್ತಿದೀಯ? ಯಂತ್ರ ಕಟ್ಟಿಕೊಡ್ರಪ್ಪಾ, ಹೊತ್ತಾಯ್ತು."

"ಒಂದು ನಿಮಿಷ ಉಪಾ," ಎಂದಳು ದಾರ್ಕಿಮಿ.

ನಾಲ್ಕನೆಯದನ್ನು ಮುಚ್ಚಿ ಮೂರನೆಯದನ್ನು ಮತ್ತೆ ತೆರೆದಳು. ಎರಡನೇ ಚರಣ. ದನಿಯನ್ನು ಪೂರ್ತಿ ಎತ್ತಿದಳು. ಯಂತ್ರ ಗೊರಗುಟ್ಟಿತು. ರುವಾತಾ ಉಸಿರು ತೆಗೆದುಕೊಂಡ. ಉಸಿರಿನ ಹಿಂದೆ ಅಳುವ ಗಿಟಾರು. ಗಿಟಾರು ನಿಂತ ಕಡೆ, ಸೂಜಿಯ ಮೊನೆಯಷ್ಟು, ಡೋಲು. ಜನರ ಹಾಡು.

"ರುವಾತಾ! ಏಳೋ ಮಗನೇ!"

ಯಂತ್ರವನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ರುವಾತಾ ತನ್ನ ಪಾಡಿಗೆ ತಾನು ಹಾಡಿ ಮುಗಿಸಿದ. ತನ್ನ ಸಾವಿಗೆ ಊರು ಹಾಡಿದ ಹಾಡನ್ನು ಕಿವಿಯಲ್ಲಿ ಕೇಳಿಸಿಕೊಳ್ಳುತ್ತಾ, ತಾಯಿ ಕೂಗಿ ಕರೆಯುವುದನ್ನು ಕೇಳಿಸಿಕೊಳ್ಳುತ್ತಾ, ತಾಳ ತಪ್ಪದೆ ಹಾಡಿದ್ದ. ಕೊನೆಯ ಸಾಲಿನಲ್ಲಿ ಅವನ ದನಿ ಒಂದಿಷ್ಟು ನಡುಗಿದ್ದು ದಾರ್ಕಿಮಿಗೆ ಈಗ ಅರ್ಥವಾಯಿತು. ಅವಳಿಗೆ ಅಳು ಬಂತು, ತಡೆದುಕೊಂಡಳು.

"ಇದು ದೆವ್ವ ಅಲ್ಲ ಕಣೋ," ಎಂದಳು. "ದೆವ್ವಕ್ಕೆ ಹೆಡ್‌ಫೋನ್ ಬೇಕಾಗಿಲ್ಲ. ಗುರುವಾರ ಸಂಜೆ ಆದ್ಮೇಲೆ ಅವನು ಇಲ್ಲಿಗೆ ಬಂದು, ಈ ಸ್ಟೂಲ್ ಮೇಲೆ ಕೂತು, ಇದನ್ನ ಕಿವಿಗೆ ಹಾಕ್ಕೊಂಡು ಹಾಡಿದಾನೆ. ರುವಾತಾ ಬದುಕಿದಾನೆ."

"ಬದುಕಿದಾನಾ?" ಛುವಾನಾ ನಗುವುದೋ ಅಳುವುದೋ ತಿಳಿಯದೆ ಬಾಯಿ ತೆರೆದ. "ಹಾಗಾದ್ರೆ... ನಾವು ಹೂತದ್ದು ಯಾರನ್ನ?"

"ಯಾರೋ ಗೊತ್ತಿಲ್ಲ, ಅವನ ಕೋಟು ತೊಟ್ಟವನನ್ನ. ಹಾಡಲ್ಲಿ ಅವನೇ ಹೇಳಿದಾನಲ್ಲ, ನನ್ನ ಕೋಟು ತೊಟ್ಟವನು ನನ್ನ ಹಾಗೇ ಮಲಗಿದ ಅಂತ."

ಅಷ್ಟು ಹೇಳಿ ತಲೆಯೆತ್ತಿದವಳಿಗೆ ಉಪಾ ಅವರ ಮುಖ ಕಂಡಿತು. ಅಡಿಕೆ ಅಗಿಯುತ್ತಿದ್ದ ದವಡೆ ನಿಂತುಹೋಗಿತ್ತು.

"ದೇವರು ದೊಡ್ಡವನು," ಎಂದರು ಅವರು, ತುಸು ತಡವಾಗಿ. "ಒಳ್ಳೇ ಸುದ್ದಿ ಹೇಳ್ದೆ ದಾರ್ಕಿಮಿ. ಆ ತಾಯಿ ಹೊಟ್ಟೆ ತಣ್ಣಗಾಯ್ತು." ತಿರುಗಿ ಮೆಟ್ಟಿಲು ಹತ್ತಿದರು. ವಯಸ್ಸಾದವರು, ಯಾವಾಗಲೂ ಗೋಡೆ ಹಿಡಿದು ಹತ್ತುವವರು. ಇವತ್ತು ಗೋಡೆ ಮುಟ್ಟಲಿಲ್ಲ.

ಛುವಾನಾ ಬಡಬಡಿಸುತ್ತಿದ್ದ. ಕೋಣೆಯ ಬೀಗದ ಕೈ ಬಾಗಿಲ ಮೇಲಿನ ಸಂದಿಯಲ್ಲಿರುವುದು ತಮ್ಮ ಮೂವರಿಗೇ ಗೊತ್ತು, ಅವನು ಮನೆಗೆ ಯಾಕೆ ಬರಲಿಲ್ಲ, ಕಾಡಲ್ಲಿ ಇದ್ದಾನೋ ಏನೋ, ಊಟಕ್ಕೇನು ಮಾಡುತ್ತಾನೋ. ದಾರ್ಕಿಮಿ ಅರ್ಧ ಕೇಳಿಸಿಕೊಳ್ಳುತ್ತಾ ಕ್ಯಾಸೆಟ್ ಹೊರತೆಗೆದು ಒಳಜೇಬಿಗೆ ಹಾಕಿದಳು. ಆಮೇಲೆ ಯಂತ್ರ ನೋಡಿದಳು.

ಯಂತ್ರ ಅಲ್ಲೇ ಇತ್ತು. ಅದನ್ನು ಒಯ್ಯಲೆಂದೇ ಬಂದವರು ಅದನ್ನು ಬಿಟ್ಟು ಹೋಗಿದ್ದರು.

"ಛುವಾನಾ, ಹೊಳೇಲಿ ಸಿಕ್ಕ ಹೆಣ ರುವಾತಾನದೇ ಅಂತ ಮೊದಲು ಗುರುತು ಹಿಡಿದದ್ದು ಯಾರು?"

"ಉಪಾ. ಅವರ ಲಾರಿಯವ್ರಿಗೇ ತಾನೇ ಹೆಣ ಸಿಕ್ಕಿದ್ದು."

ದೀಪ ಆರಿಸಿ ಇಳಿದ ಗಾಡಿ.

ಗಾಡಿ ಎಂದರೆ ಮರಳಿನ ಲಾರಿ, ದಾರ್ಕಿಮಿಗೆ ಹೊಳೆಯಿತು. ಹುಡುಗ ಯಾರಿಗೆ ಹೆದರಿ ಸತ್ತವನ ಹಾಗೆ ಅಡಗಿ ಕೂತಿದ್ದನೋ ಅವರಿಗೇ, ತನ್ನ ಬಾಯಿಂದಲೇ, ಬದುಕಿದ್ದಾನೆ ಎಂದು ಕೂಗಿ ಹೇಳಿಬಿಟ್ಟಿದ್ದಳು. ಜಾಣತನ ತೋರಿಸುವ ಆತುರ. ಇಷ್ಟು ವರ್ಷ ಪೊಲೀಸ್ ಕೆಲಸ ಮಾಡಿ ಕಲಿತದ್ದು ಇದೇನಾ ಎಂದು ತನ್ನನ್ನೇ ಬೈದುಕೊಂಡಳು.

ಊಟಕ್ಕೇನು ಮಾಡುತ್ತಾನೋ, ಎಂದಿದ್ದ ಛುವಾನಾ.

ಹಾಡೋ ಹುಡುಗ್ರು ಎದ್ದು ಹೋದ್ಮೇಲೆ ಬರ್ತಾನೆ, ಎಂದಿದ್ದಳು ಮುದುಕಿ.

"ಠಾಣೆಗೆ ಓಡು," ಎಂದಳು. "ಸಿಕ್ಕವರನ್ನ ಕರ್ಕೊಂಡು ಪೀ ಥನ್‌ಜಾಮಿ ಮನೆಗೆ ಬಾ. ಏನು ಎತ್ತ ಅಂತ ದಾರೀಲಿ ನಿಂತು ಕತೆ ಹೇಳ್ಬೇಡ."

ಅವಳು ಮೆಟ್ಟಿಲು ಹತ್ತುವಾಗ ಬೆಟ್ಟದ ಮೇಲೆ ದೀಪಗಳು ಹತ್ತಿಕೊಳ್ಳುತ್ತಿದ್ದವು. ದಿನಾ ಈ ಹೊತ್ತಿಗೆ ದುಃಖದ ಮನೆಯ ಮುಂದೆ ಚಪ್ಪಲಿಗಳ ರಾಶಿ ಇರಬೇಕು, ಒಳಗೆ ಚಹಾದ ಲೋಟಗಳ ಸದ್ದು, ಡೋಲು. ಇವತ್ತು ಬಾಗಿಲ ಮುಂದೆ ಒಂದೇ ಜೊತೆ ಬೂಟು. ಪಾಲಿಶ್ ಹಾಕಿದ್ದು.

ಒಳಗೆ ಒಲೆಯ ಬೆಳಕು ಬಿಟ್ಟರೆ ಬೇರೆ ದೀಪವಿಲ್ಲ. ಒಲೆಯ ಪಕ್ಕ ಮೋಡದಂತೆ ಕೂತಿದ್ದರು ಉಪಾ ಬಿಯಾಕ್‌ಲಿಯಾನಾ. ಗೋಡೆಯ ಮೊಳೆಯಲ್ಲಿ ನೇತಾಡಬೇಕಿದ್ದ ಮನೆಯ ಕತ್ತಿ ಅವರ ಕೈಯಲ್ಲಿತ್ತು. ಒಲೆಗೆಂದು ಪೈನ್ ಸೌದೆ ಸೀಳುತ್ತಿದ್ದರು. ನಿಧಾನವಾಗಿ, ಒಂದೊಂದೇ ಚಕ್ಕೆ.

"ಬಾ ಕಿಮಿ," ಎಂದಳು ಪೀ ಥನ್‌ಜಾಮಿ. "ಉಪಾ ಎಷ್ಟು ಒಳ್ಳೆಯವ್ರು ನೋಡು. ಹುಡುಗ್ರು ದಿನಾ ನಿದ್ದೆಗೆಡ್ತಾರೆ, ಇವತ್ತು ನಾನೇ ಕೂರ್ತೀನಿ ಅಂತ ಎಲ್ಲರನ್ನೂ ಮನೆಗೆ ಕಳಿಸಿದ್ರು. ಸೌದೆ ಬೇರೆ ಸೀಳಿಕೊಡ್ತಿದಾರೆ."

"ನಾನು ಬೈತೀನಿ ಅಂತ ತಟ್ಟೆ ವಿಷಯ ಮುಚ್ಚಿಟ್ಟಿದ್ಲು," ಎಂದರು ಉಪಾ, ಕತ್ತಿಯಿಂದ ಕಣ್ಣು ತೆಗೆಯದೆ. "ನಾನ್ಯಾಕೆ ಬೈಯಲಿ? ತಾಯಿ ಕರುಳು. ಮಗನ ಪಾಲು ಎತ್ತಿಡು ಅಂತ ನಾನೇ ಹೇಳ್ದೆ."

ತಟ್ಟೆ ಸಿದ್ಧವಾಗಿತ್ತು. ಅನ್ನದ ಮೇಲೆ ಇನ್ನೂ ಹಬೆ.

ದಾರ್ಕಿಮಿ ಮುದುಕಿಯ ಪಕ್ಕ ಕೂತಳು. "ಪೀ, ಬೆಳಿಗ್ಗೆ ಹೊತ್ತು ತಟ್ಟೆ ಖಾಲಿ ಇರುತ್ತೆ ಅಂದ್ರಲ್ಲ. ಆಮೇಲೆ ಅದನ್ನ ತೊಳೆಯೋರು ಯಾರು?"

"ಅದೇ ಆಶ್ಚರ್ಯ ಕಣೇ. ತೊಳೆದೇ ಇರುತ್ತೆ. ಬೋರಲು ಹಾಕಿರುತ್ತೆ. ಹಾಡೋಕೆ ಬರೋ ಹುಡುಗೀರ ಪೈಕಿ ಯಾರೋ ಇರ್ಬೇಕು." ಮುದುಕಿ ತಟ್ಟೆಯ ಅಂಚು ಸವರಿದಳು. "ರುವಾತಾ ಹೀಗೇ ಮಾಡೋನು. ಉಂಡ ತಟ್ಟೆ ಅಮ್ಮನಿಗೆ ಬಿಡ್ತಿರಲಿಲ್ಲ."

ಉಪಾ ಕತ್ತಿಯನ್ನು ಮಂಡಿಯ ಮೇಲೆ ಇಟ್ಟುಕೊಂಡರು. "ಕೂತ್ಕೋ ದಾರ್ಕಿಮಿ. ಸದ್ದು ಮಾಡ್ಬೇಡ. ಕಾಯೋಣ."

ಮನೆ ಗಪ್ಪಾಯಿತು. ಡೋಲಿಲ್ಲ, ಹಾಡಿಲ್ಲ. ಬೆಟ್ಟದ ಕೆಳಗೆಲ್ಲೋ ಅಡಗಿ ಕಿವಿಗೊಟ್ಟು ಕೂತವನಿಗೆ ಅದರ ಅರ್ಥ ಒಂದೇ. ಹುಡುಗರು ಎದ್ದು ಹೋದರು, ಅಮ್ಮ ಒಬ್ಬಳೇ.

ಹಿಂಬದಿಯ ಮರದ ಮೆಟ್ಟಿಲು ಕಿರ್ ಎಂದಿತು.

ಪೀ ಥನ್‌ಜಾಮಿಯ ಮುಖ ಅರಳಿತು. ಉಪಾ ಸದ್ದಿಲ್ಲದೆ ಎದ್ದು ನಿಂತರು. ಮತ್ತೊಂದು ಮೆಟ್ಟಿಲು ಕಿರ್ ಎಂದಿತು, ಮೊದಲಿಗಿಂತ ಹತ್ತಿರ.

ದಾರ್ಕಿಮಿ ಮೂಲೆಯಲ್ಲಿದ್ದ ಡೋಲನ್ನು ಎಳೆದುಕೊಂಡು ಒಂದೇ ಸಮನೆ ಬಡಿದಳು. ಬಾಯಿ ತೆರೆದು, ಇದ್ದ ಗಂಟಲೆಲ್ಲ ಹಾಕಿ, ದುಃಖದ ಮನೆಯ ಹಾಡು ಹಿಡಿದಳು. ಶ್ರುತಿಯಿಲ್ಲ, ತಾಳವಿಲ್ಲ. ಬೆಕ್ಕು ಎದ್ದು ಓಡಿತು.

ಮೆಟ್ಟಿಲ ಸದ್ದು ನಿಂತಿತು. ಆಮೇಲೆ ದಡದಡನೆ ಕೆಳಗಿಳಿದು ಕತ್ತಲಲ್ಲಿ ಕರಗಿತು.

"ಏನು ಮಾಡಿದ್ಯೇ?" ಮುದುಕಿ ಅವಳ ತೋಳು ಹಿಡಿದು ಜಗ್ಗಿದಳು. "ಬಂದಿದ್ದ ಕಣೇ, ನನ್ನ ಮಗ ಬಂದಿದ್ದ! ಯಾಕೆ ಓಡಿಸ್ದೆ ನನ್ನ ಮಗನ್ನ?"

ದಾರ್ಕಿಮಿಗೆ ಉತ್ತರ ಹೇಳುವಂತಿರಲಿಲ್ಲ. ಹೇಳಲು ಹಾಡು ನಿಲ್ಲಿಸಬೇಕು. ಕಣ್ಣೀರು ಸುರಿಯುತ್ತಾ ಹಾಡುತ್ತಲೇ ಇದ್ದಳು. ದುಃಖದ ಮನೆಯ ಹಾಡು ಕೇಳಿದರೆ ಕೇರಿಯ ಹುಡುಗರು ಬರದೆ ಇರುವಂತಿಲ್ಲ, ಯಾರೇ ಮನೆಗೆ ಕಳಿಸಿದ್ದರೂ ಎದ್ದು ಬಂದೇ ಬರುತ್ತಾರೆ. ಅಲ್ಲಿಯವರೆಗೆ ಈ ಮನೆಯಲ್ಲಿ ಸದ್ದು ನಿಲ್ಲಬಾರದು.

ಉಪಾ ಅವಳನ್ನು ನೋಡುತ್ತಾ ನಿಂತಿದ್ದರು. ಅವರಿಗೂ ಅದು ಅರ್ಥವಾಗಿತ್ತು. ನಿಧಾನವಾಗಿ ನಡೆದುಹೋಗಿ ಮುಂಬಾಗಿಲು ಎಳೆದು ಚಿಲಕ ಹಾಕಿದರು. ದುಃಖದ ಮನೆಯ ಬಾಗಿಲಿಗೆ ಚಿಲಕ ಹಾಕಿದ್ದನ್ನು ದಾರ್ಕಿಮಿ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಕತ್ತಿ ಹಿಡಿದುಕೊಂಡು ಅವರು ಹಿಂಬಾಗಿಲ ಬಳಿಗೆ ಬಂದು, ಅದಕ್ಕೆ ಬೆನ್ನು ಕೊಟ್ಟು ಕೂತರು.

"ಹಾಡು ದಾರ್ಕಿಮಿ," ಎಂದರು. "ಎಷ್ಟು ಹೊತ್ತು ಹಾಡ್ತೀಯೋ ನಾನೂ ನೋಡ್ತೀನಿ."

ಪುಸ್ತಕ ಹಂಚುವವಳಿಗೆ ಆ ಹಾಡಿನ ಮೂರೇ ಚರಣ ಬಾಯಿಗೆ ಬರುತ್ತಿದ್ದವು. ಎರಡು ಆಗಲೇ ಮುಗಿದಿದ್ದವು.